ಗಾಲಿ ಹೂತೈತಿ, ಬರ್ರೋ

ಆಫೀಸ್ ಇಂಗ್ಲಿಷಿನಲ್ಲಿ ನನಗೆ ಒಗ್ಗದ ಮಾತು ಅಂದ್ರೆ ‘ಬಾಗ್ಡ್ ಡೌನ್’. ‘ವಿ ಗಾಟ್ ಬಾಗ್ಡ್ ಡೌನ್’ ಅಂತ ಒಬ್ಬರು ಹೇಳಿದರೆ ಸಾಕು, ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋಗ್ತಾರೆ. ಏನು ಸಿಕ್ಕಿಬಿದ್ದಿದೆ, ಎಷ್ಟು ಆಳಕ್ಕೆ ಇಳಿದಿದೆ, ಎತ್ತೋಕೆ ಎಷ್ಟು ಜನ ಬೇಕು ಅಂತ ಯಾರೂ ಕೇಳೋದಿಲ್ಲ.

‘ಬಾಗ್’ ಗೇಲಿಕ್ ಮೂಲದ್ದು, ಮೆತ್ತಗಿರೋದು ಅಂತ ಅರ್ಥ. ಐರ್ಲೆಂಡಿನ ಆ ಜೌಗು ನೆಲ ವರ್ಷವಿಡೀ ಹಸಿ. ನಮ್ಮ ಯಲಬುರ್ಗಾ, ಕುಷ್ಟಗಿ ಕಡೆಯ ಎರಿ ಹೊಲ ಹಂಗಲ್ಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು. ನಾಲ್ಕು ದಿನ ಮಳೆ ಹಿಡಿದರೆ ಅದೇ ಮಣ್ಣು ನೀರು ಕುಡಿದು ಉಬ್ಬಿ, ಚಪ್ಪಲಿಗೆ ಸೇರುಗಟ್ಟಲೆ ಮೆತ್ತಿಕೊಳ್ತದೆ. (ಕಾಲುವೆ ನೀರಿನ ಗಂಗಾವತಿಯವರು ಇದಕ್ಕೆ ನಗ್ತಾರೆ. ಅವರು ಭತ್ತದ ನಾಟಿಗೆ ಟ್ರ್ಯಾಕ್ಟರಿಗೆ ಕಬ್ಬಿಣದ ಗಾಲಿ ಹಾಕಿ ಬೇಕಂತಲೇ ಕೆಸರು ಮಾಡೋರು.) ಎರಿ ಹಾದಿಯಲ್ಲಿ ‘ಗಾಲಿ ಹೂತೈತಿ, ಬರ್ರೋ’ ಅಂತ ಕೂಗಿದರೆ ಅದು ಸ್ಟೇಟಸ್ ರಿಪೋರ್ಟ್ ಅಲ್ಲ, ಕರೆ. ಹಗ್ಗ ತರೋರು, ಗಾಲಿ ಕೆಳಗೆ ಕಲ್ಲು, ತೊಗರಿ ಕಟ್ಟಿಗಿ ತುರುಕೋರು, ಹೇರು ಇಳಿಸೋರು ಬರ್ತಾರೆ. ಸುಮ್ಮನೆ ಎಳೆದರೆ ಇನ್ನಷ್ಟು ಇಳೀತೈತಿ ಅಂತ ಬೈಯೋಕೆ ಒಬ್ಬ ಹಿರಿಯನೂ ಇರ್ತಾನೆ.

ಪಕ್ಕದ ಗದುಗಿನ ಕುಮಾರವ್ಯಾಸನ ಕರ್ಣಪರ್ವದಲ್ಲಿ ಶಾಪಕ್ಕಿಂತ ನನ್ನನ್ನು ಕಾಡೋದು ಇದು: ಗಾಲಿ ಹೂಳುವ ಹೊತ್ತಿಗೆ ಸಾರಥಿ ಶಲ್ಯ ಬಿಟ್ಟು ಹೋಗಿದ್ದಾನೆ. ಬಾಣ ಬಿಡಬೇಕಾದ ಕರ್ಣನೇ ಇಳಿದು ಗಾಲಿಗೆ ಕೈ ಹಾಕಬೇಕು. ಎರಿ ನೆಲದ ಜನಕ್ಕೆ ಆ ಪದ್ಯಗಳಿಗೆ ಟಿಪ್ಪಣಿ ಬೇಕಾಗಿಲ್ಲ.

‘ಬಾಗ್ಡ್ ಡೌನ್’ಗೆ ಕನ್ನಡ ಹುಡುಕೋರು ‘ಸಿಲುಕು’, ‘ಸ್ಥಗಿತಗೊಳ್ಳು’ ಅಂತ ಬರೀತಾರೆ. ತಪ್ಪೇನಿಲ್ಲ. ಆದರೆ ಲಿಫ್ಟಿನಲ್ಲೂ ಸಿಲುಕಬಹುದು, ಟ್ರಾಫಿಕ್ಕಿನಲ್ಲೂ ಸಿಲುಕಬಹುದು. ಸ್ಥಗಿತವಂತೂ ಸರ್ಕಾರಿ ಕಾಮಗಾರಿಯ ಪದ. ‘ಹೂತಿದೆ’ ಅಂದಾಗ ಮಾತ್ರ ನೆಲ, ಗಾಡಿ, ಮೇಲಿನ ಹೇರು ಮೂರೂ ಕಣ್ಣಿಗೆ ಬರ್ತವೆ.

ರಾತ್ರಿ ಹನ್ನೆರಡಕ್ಕೆ ಒಬ್ಬನೇ ಕೂತು ಲಾಗ್ ತಡಕಾಡೋ ಹೊಸ ಹುಡುಗ ಮರುದಿನ ಸ್ಟ್ಯಾಂಡಪ್ಪಿನಲ್ಲಿ ‘ಬಾಗ್ಡ್ ಡೌನ್’ ಅಂದರೆ ಅವನಿಗೆ ಸಿಗೋದು ಹೊಸ ಡೆಡ್‌ಲೈನ್. ‘ಪೇಮೆಂಟ್ ಕೋಡಿನ ಗಾಲಿ ಹೂತಿದೆ’ ಅಂತ ಅಂದು ನೋಡಲಿ. ನಮ್ಮ ಕಡೆಯವರು ಒಬ್ಬರು ಟೀಮಿನಲ್ಲಿದ್ದರೂ ಕೇಳ್ತಾರೆ: ಹೇರು ಏನೈತಪ್ಪ, ಮೊದಲು ಯಾವುದು ಇಳಿಸೋಣು?