ಎಂಟು ಮೈಲಿಯ ದಾಯಾದಿತನ

ವಿಗನ್ ಮತ್ತು ಸೇಂಟ್ ಹೆಲೆನ್ಸ್ ರಗ್ಬಿ ಲೀಗ್ ತಂಡಗಳು ಎದುರಾದಾಗಲೆಲ್ಲ ಒಂದು ಹಳೇ ಕಥೆ ಹೊರಬೀಳುತ್ತದೆ. ಒಂದು ಕಲ್ಲಿದ್ದಲಿನ ಊರು, ಇನ್ನೊಂದು ಗಾಜಿನ ಊರು. ಮಣ್ಣಿನ ಗುಣವೇ ಬೇರೆ, ಹಾಗಾಗಿ ಈ ಹಗೆ ಹುಟ್ಟಿನಿಂದಲೇ ಬಂದದ್ದು. ಕೇಳಲು ಸೊಗಸಾಗಿದೆ. ಆದರೆ ಪಿಲ್ಕಿಂಗ್ಟನ್ ಗಾಜಿನ ಕುಲುಮೆಗಳು ಉರಿದ ಸೇಂಟ್ ಹೆಲೆನ್ಸ್‌ನ ನೆಲದಡಿಯೂ ಇದ್ದದ್ದು ಅದೇ ಲ್ಯಾಂಕಾಷೈರ್ ಕಲ್ಲಿದ್ದಲು. ಅಲ್ಲಿನ ಗಂಡಸರೂ ಗಣಿಗಿಳಿದವರೇ. ಊರಿಂದೂರಿಗೆ ಸುಮಾರು ಎಂಟು ಮೈಲಿ. ಇದು ಪರಕೀಯರ ಹಗೆಯಲ್ಲ, ದಾಯಾದಿ ಜಗಳ. ದಾಯಾದಿಗಳು ಬಡಿದಾಡುವುದು ಬೇರೆಬೇರೆ ಎಂಬ ಕಾರಣಕ್ಕಲ್ಲ, ಇಬ್ಬರಿಗೂ ಪಾಲಿರುವ ಒಂದೇ ಆಸ್ತಿಗಾಗಿ.

ರಗ್ಬಿ ಲೀಗ್ ಎಂಬ ಆ ಆಸ್ತಿ ಹುಟ್ಟಿದ್ದು 1895ರ ಆಗಸ್ಟ್ 29ರಂದು, ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ. ಶನಿವಾರ ಕೆಲಸ ಬಿಟ್ಟು ಆಡಲು ಬಂದವನ ಕೂಲಿ ಖೋತಾ ಆಗುತ್ತಿತ್ತು. ಅದನ್ನು ತುಂಬಿಕೊಡಲು ರಗ್ಬಿ ಫುಟ್‌ಬಾಲ್ ಯೂನಿಯನ್ ಒಪ್ಪಲಿಲ್ಲ. ಹಣ ಮುಟ್ಟಿದರೆ ಆಟ ಮೈಲಿಗೆ ಎನ್ನುವುದು ಹೊಟ್ಟೆ ತುಂಬಿದವರ ಮಡಿ. ಉತ್ತರದ ಕ್ಲಬ್ಬುಗಳು ಸಿಡಿದು ನಾರ್ದರ್ನ್ ಯೂನಿಯನ್ ಕಟ್ಟಿಕೊಂಡವು. ವಿಗನ್, ಸೇಂಟ್ ಹೆಲೆನ್ಸ್ ಎರಡೂ ಆ ಬಂಡಾಯದಲ್ಲಿ ಒಂದೇ ಕಡೆ ನಿಂತವು.

ಹಗೆಗೆ ಸಾಕ್ಷಿಯಾಗಿ 2014ರ ಗ್ರ್ಯಾಂಡ್ ಫೈನಲ್ ತೋರಿಸುವವರಿದ್ದಾರೆ. ಆಟ ಶುರುವಾಗಿ ಕೆಲವೇ ನಿಮಿಷಕ್ಕೆ ವಿಗನ್‌ನ ಬೆನ್ ಫ್ಲವರ್, ನೆಲಕ್ಕೆ ಬಿದ್ದಿದ್ದ ಸೇಂಟ್ ಹೆಲೆನ್ಸ್‌ನ ಲಾನ್ಸ್ ಹೊಹೈಯಾಗೆ ಗುದ್ದಿ ಕೆಂಪು ಕಾರ್ಡ್ ಕಂಡ. ಹೇಯ ಕೆಲಸವೇ. ಆದರೆ ಫ್ಲವರ್ ವೇಲ್ಸ್‌ನವ, ಹೊಹೈಯಾ ನ್ಯೂಜಿಲೆಂಡಿನವ. ಲ್ಯಾಂಕಾಷೈರ್ ಮಣ್ಣಿನ ಗುಣ ಅವರಿಬ್ಬರಿಗೆ ಯಾವಾಗ ಅಂಟಿತು?

1989ರ ಚಾಲೆಂಜ್ ಕಪ್ ಫೈನಲ್ ನೋಡಿ. ವಿಗನ್ 27-0ರಿಂದ ಗೆದ್ದಿತು, ನಾಯಕ ಎಲರಿ ಹ್ಯಾನ್ಲಿ. ಸೋತ ಸೇಂಟ್ ಹೆಲೆನ್ಸ್‌ಗೆ ಕೋಚ್ ಅಲೆಕ್ಸ್ ಮರ್ಫಿ, ಆ ಊರಿನ ಮನೆಮಗ. ಅದಕ್ಕೂ ಕೆಲ ವರ್ಷ ಮುಂಚೆ ವಿಗನ್‌ಗೆ ಕೋಚ್ ಆಗಿದ್ದವನೂ ಅವನೇ. ಹತ್ತು ವರ್ಷದ ನಂತರ ಹ್ಯಾನ್ಲಿ ಸೇಂಟ್ ಹೆಲೆನ್ಸ್‌ನ ಕೋಚ್ ಆಗಿ ಅದಕ್ಕೆ ಪ್ರಶಸ್ತಿ ಗೆದ್ದುಕೊಟ್ಟ. ಹುಟ್ಟುಹಗೆಯಿದ್ದಲ್ಲಿ ಹೀಗೆ ಬಾಗಿಲು ತೆರೆದಿರುತ್ತದೆಯೆ?

ನೋವು ಸುಳ್ಳೆಂದು ನಾನು ಹೇಳುತ್ತಿಲ್ಲ. 1992ರ ಬಾಕ್ಸಿಂಗ್ ಡೇ ದಿನ ಸೇಂಟ್ ಹೆಲೆನ್ಸ್ ಎದುರು 41-6ರಿಂದ ಸೋತದ್ದನ್ನು ವಿಗನ್‌ನವರು ಸುಲಭಕ್ಕೆ ನುಂಗಲಾರರು. ನೆರೆಮನೆಯವನ ಎದುರು ಸೋತರೆ ಬೆಳಗಾದರೆ ಅವನದೇ ಮುಖ ನೋಡಬೇಕು.

2020ರ ಗ್ರ್ಯಾಂಡ್ ಫೈನಲ್ ಕೋವಿಡ್‌ನಿಂದಾಗಿ ಹಲ್ ನಗರದ ಖಾಲಿ ಕ್ರೀಡಾಂಗಣದಲ್ಲಿ ನಡೆಯಿತು. 4-4 ಇದ್ದಾಗ ಕೊನೆಯ ಸದ್ದು ಮೊಳಗಿತು. ಸೇಂಟ್ ಹೆಲೆನ್ಸ್ ಒದ್ದ ಚೆಂಡು ಗೋಲುಕಂಬಕ್ಕೆ ಬಡಿದು ಪುಟಿಯಿತು. ಅದರ ಮೇಲೆ ಬಿದ್ದು ವಿಗನ್‌ನ ಕೈಯಿಂದ ಪ್ರಶಸ್ತಿ ಕಸಿದವ ಹತ್ತೊಂಬತ್ತರ ಜ್ಯಾಕ್ ವೆಲ್ಸ್‌ಬಿ. ಹುಡುಗ ಹುಟ್ಟಿದ್ದು ವಿಗನ್‌ನಲ್ಲಿ.