ಯೀಸ್ಟಿಗೆ ತಾಯಿ ಯಾರು?

ನ್ಯೂಕ್ಲಿಯಸ್ಸಿನ ಆಚೆ ಸಾಗುವ ಆನುವಂಶಿಕತೆಯನ್ನು ತರಗತಿಗಳಲ್ಲಿ 'ತಾಯಿಯಿಂದ ಬರುವ ಗುಣ' ಎಂದು ಹೇಳಿ ಮುಗಿಸುವುದುಂಟು. 1909ರಲ್ಲಿ ಕಾರ್ಲ್ ಕೊರೆನ್ಸ್ ಸಂಜೆಮಲ್ಲಿಗೆಯ ಎಲೆಬಣ್ಣದಲ್ಲಿ ಕಂಡದ್ದಕ್ಕೆ ಆ ಮಾತು ಒಪ್ಪುತ್ತದೆ. ಯೀಸ್ಟಿಗೆ ಒಪ್ಪುವುದಿಲ್ಲ. ಕೂಡುವ ಎರಡು ಯೀಸ್ಟ್ ಕೋಶಗಳೂ ಗಾತ್ರದಲ್ಲಿ ಸಮ; ಎರಡೂ ತಮ್ಮ ಕೋಶದ್ರವ್ಯವನ್ನು ಕೊಡುತ್ತವೆ. ಇಲ್ಲಿ ತಾಯಿಯೂ ಇಲ್ಲ, ತಂದೆಯೂ ಇಲ್ಲ.

ಬೋರಿಸ್ ಎಫ್ರುಸಿ ಮತ್ತು ಸಂಗಡಿಗರು 1949ರಲ್ಲಿ ಪ್ಯಾರಿಸ್ಸಿನಿಂದ ಪ್ರಕಟಿಸಿದ ಕೆಲಸವನ್ನು ನಾನು ಮೆಚ್ಚುವುದು ಇದಕ್ಕಾಗಿಯೇ. ಉಸಿರಾಟ ಕೆಟ್ಟದ್ದರಿಂದ ಗ್ಲೂಕೋಸಿನ ಮೇಲೆ ಕುಬ್ಜವಾಗಿ ಬೆಳೆಯುವ, ಗ್ಲಿಸರಾಲಿನ ಮೇಲೆ ಬೆಳೆಯಲೇ ಆಗದ 'ಪೆಟಿಟ್' ಯೀಸ್ಟನ್ನು ಅವರು ಸಹಜ ಯೀಸ್ಟಿನೊಡನೆ ಕೂಡಿಸಿದರು. ಮೆಂಡೆಲ್ ಲೆಕ್ಕದಂತೆ ನಾಲ್ಕು ಬೀಜಕಣಗಳಲ್ಲಿ ಎರಡು ಕುಬ್ಜವಾಗಬೇಕಿತ್ತು. ನಾಲ್ಕೂ ಸಹಜವಾಗಿಯೇ ಬಂದವು. ಮತ್ತೆಮತ್ತೆ ಸಹಜ ಯೀಸ್ಟಿನೊಡನೆ ಕೂಡಿಸಿದರೂ ಕುಬ್ಜತೆ ಮರಳಲಿಲ್ಲ. ಇಷ್ಟಕ್ಕೆ ಮೆಂಡೆಲ್ ಸೋತನೆಂದು ಸಾರಬಹುದಿತ್ತು. ಎಫ್ರುಸಿ ಹಾಗೆ ಮಾಡಲಿಲ್ಲ. ನೋಡಲು ಥೇಟ್ ಹಾಗೆಯೇ ಇರುವ ಬೇರೊಂದು ಪೆಟಿಟ್ ಸರಿಯಾಗಿ ಎರಡಕ್ಕೆರಡು ಒಡೆಯುತ್ತದೆಂಬುದೂ ತಿಳಿದುಬಂತು. ಉಸಿರಾಟದ ಯಂತ್ರವನ್ನು ಕಟ್ಟಲು ನ್ಯೂಕ್ಲಿಯಸ್ ಮತ್ತು ಮೈಟೊಕಾಂಡ್ರಿಯ ಎರಡರ ಜೀನುಗಳೂ ಬೇಕು. ಮುಖ ನೋಡಿ ವಿಳಾಸ ಹೇಳಲಾಗದು.

ಕೊರತೆಯೂ ಇದೆ. ಮೈಟೊಕಾಂಡ್ರಿಯದೊಳಗೆ ಡಿಎನ್‌ಎ ಇದೆಯೆಂದು ದೃಢಪಟ್ಟದ್ದು 1960ರ ದಶಕದಲ್ಲಿ. ಅಲ್ಲಿಯವರೆಗೆ ಎಫ್ರುಸಿಗೆ ಹೇಳಲು ಸಾಧ್ಯವಾದದ್ದು 'ಕೋಶದ್ರವ್ಯದ ಕಣಗಳು' ಎಂದಷ್ಟೇ.

ಒಂದೇ ಗುಣಕ್ಕೆ ನ್ಯೂಕ್ಲಿಯಸ್ಸೂ ಕೋಶದ್ರವ್ಯವೂ ಎರಡೂ ಬೇಕೆಂಬ ಈ ಪಾಠಕ್ಕೆ ಕರ್ನಾಟಕದ ಗದ್ದೆಯಲ್ಲೇ ಸಾಕ್ಷಿ ಇದೆ. ಮಂಡ್ಯದ ವಿ.ಸಿ. ಫಾರ್ಮಿನಿಂದ 1996ರಲ್ಲಿ ಬಂದ ಕೆಆರ್‌ಎಚ್-2 ಹೈಬ್ರಿಡ್ ಭತ್ತದ ಹೆಣ್ಣು ತಳಿ ಐಆರ್58025ಎ. ಅದರ ಕೋಶದ್ರವ್ಯವೇ ಪರಾಗವನ್ನು ಬಂಜೆ ಮಾಡುತ್ತದೆ. ಗಂಡು ತಳಿ ಕೆಎಂಆರ್-3ರ ನ್ಯೂಕ್ಲಿಯಸ್ಸಿನ ಜೀನುಗಳು ಆ ಬಂಜೆತನವನ್ನು ನೀಗಿಸುತ್ತವೆ. ಶಿವಮೊಗ್ಗ ಜಿಲ್ಲೆಯ ಮೇಳಿಗೆಯ ರೈತನೊಬ್ಬ ಇಂಥ ಹೈಬ್ರಿಡ್ ಬೆಳೆದು, ಆ ಕಾಳನ್ನೇ ಎತ್ತಿಟ್ಟು ಮರುವರ್ಷ ಅಗೆ ಹಾಕಿದನೆನ್ನಿ. ಬಂಜೆ ಕೋಶದ್ರವ್ಯ ಪ್ರತಿ ಸಸಿಗೂ ಬಂದಿರುತ್ತದೆ. ಅದನ್ನು ನೀಗಿಸುವ ಜೀನುಗಳು ಮಾತ್ರ ಮೆಂಡೆಲ್ ನಿಯಮದಂತೆ ಹಂಚಿಹೋಗಿರುತ್ತವೆ. ಅವು ಸಿಗದ ಸಸಿಗಳ ತೆನೆಯಲ್ಲಿ ಜೊಳ್ಳೇ ಹೆಚ್ಚು. ಇಲ್ಲಿ ಎರಡೂ ಲೆಕ್ಕಗಳು ಒಂದೇ ಗದ್ದೆಯಲ್ಲಿ ನಡೆಯುತ್ತವೆ.

ಆದರೆ ರೈತನಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಹೈಬ್ರಿಡ್ ಬೀಜ ಎತ್ತಿಡಬೇಡಿ, ಇಳುವರಿ ಇಳಿಯುತ್ತದೆ. ಸಲಹೆ ಸರಿ, ವಿವರಣೆ ಸಾಲದು. ತಲೆಮಾರುಗಳಿಂದ ತಾನೇ ಬೀಜ ಆರಿಸಿಕೊಂಡು ಬಂದವನಿಗೆ ಕಾರಣ ಕೇಳುವ ಹಕ್ಕಿದೆ, ಅದನ್ನು ಗ್ರಹಿಸುವ ಕಣ್ಣೂ ಇದೆ. ಅದೇ ಜಿಲ್ಲೆಯ ಸಾಗರದ ಇರುವಕ್ಕಿಯಲ್ಲಿ ಕೃಷಿ ವಿಶ್ವವಿದ್ಯಾಲಯವೇ ಇರುವಾಗ, ಇದಕ್ಕೊಂದು ಪ್ರಾತ್ಯಕ್ಷಿಕೆಯ ಮಡಿ ಸಾಕು. ಹೂಬಿಟ್ಟ ಹೊತ್ತಿಗೆ ಹಳದಿ ತುಂಬಿದ ಪರಾಗಚೀಲದ ಗಿಡಗಳನ್ನೂ ಬಿಳಿಚಿ ಮುರುಟಿದವುಗಳನ್ನೂ ರೈತರೇ ಬೇರೆಬೇರೆಯಾಗಿ ಎಣಿಸಲಿ.