ಕಥೆಯಿಲ್ಲದ ಗ್ರಂಥಕ್ಕೆ ಬರೆದ ಚಿತ್ರಗಳು

ಮೂಡಬಿದರೆಯ ಗುರು ಬಸದಿಯಲ್ಲಿ ಉಳಿದುಬಂದ ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತಗ್ರಂಥಗಳ ತಾಳೆಗರಿಗಳಲ್ಲಿ ಕೆಲವಕ್ಕೆ ಮಾತ್ರ ಬಣ್ಣದ ಚಿತ್ರಗಳಿವೆ. 12ನೆಯ ಶತಮಾನದ ಆರಂಭದ, ಹೊಯ್ಸಳ ವಿಷ್ಣುವರ್ಧನನ ಕಾಲದ ಪ್ರತಿಗಳಿವು. ಕನ್ನಡ ನಾಡಿನ ಚಿತ್ರಕಲೆಯ ಮಾತು ಬಂದಾಗ ನಾವು ಬಾದಾಮಿಯ ಗುಹೆಯಿಂದ ನೇರವಾಗಿ ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪಕ್ಕೆ ಬಂದುಬಿಡುತ್ತೇವೆ. ನಡುವೆ ಇರುವ ಈ ಗರಿಗಳು ನೆನಪಿಗೇ ಬರುವುದಿಲ್ಲ. ಇದು ದೊಡ್ಡ ಅನ್ಯಾಯ.

ಪುಷ್ಪದಂತ, ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ವೀರಸೇನರು 816ರಲ್ಲಿ ಮುಗಿಸಿದ ಟೀಕೆಯೇ ಧವಲಾ. ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡದ್ದು. ವಿಷಯ ಕರ್ಮಸಿದ್ಧಾಂತ: ಜೀವಕ್ಕೆ ಕರ್ಮ ಹೇಗೆ ಅಂಟುತ್ತದೆ, ಎಷ್ಟು ಕಾಲ ನಿಲ್ಲುತ್ತದೆ, ಹೇಗೆ ಕಳಚುತ್ತದೆ ಎಂಬ ಸೂಕ್ಷ್ಮ ಲೆಕ್ಕಾಚಾರ. ಇದರಲ್ಲಿ ರಾಜನಿಲ್ಲ, ಯುದ್ಧವಿಲ್ಲ, ಸ್ವಯಂವರವಿಲ್ಲ. ಗುಜರಾತಿನ ಕಲ್ಪಸೂತ್ರದ ಚಿತ್ರಕಾರನಿಗೆ ಮಹಾವೀರನ ಗರ್ಭಾವತರಣ, ಜನನ, ದೀಕ್ಷೆ ಎಂದು ಸಾಲು ಸಾಲು ಪ್ರಸಂಗಗಳಿದ್ದವು. ನಮ್ಮವನಿಗೆ ಅಂಥದೇನೂ ಇರಲಿಲ್ಲ.

ಹಾಗಾಗಿ ಅವನು ಗ್ರಂಥವನ್ನು ವಿವರಿಸಲು ಹೋಗಲಿಲ್ಲ, ಅದನ್ನು ಪೂಜಿಸಿದ. ಸಿಂಹಾಸನದಲ್ಲಿ ಕುಳಿತ ಜಿನ, ಇಕ್ಕೆಲದಲ್ಲಿ ಚಾಮರಧಾರಿಗಳು. ಧರಣೇಂದ್ರ ಪದ್ಮಾವತಿಯರೊಡನೆ ನಿಂತ ಪಾರ್ಶ್ವನಾಥ. ಬಾಹುಬಲಿ, ಶ್ರುತದೇವಿ, ಯಕ್ಷರು, ಕೈಮುಗಿದ ಶ್ರಾವಕ ಶ್ರಾವಕಿಯರು. ಗರಿಯ ಅಗಲ ಕೆಲವೇ ಬೆರಳು. ಅಷ್ಟರಲ್ಲೇ ಕಾಯೋತ್ಸರ್ಗದಲ್ಲಿ ನಿಂತ ದೇಹವನ್ನು ಇಕ್ಕಟ್ಟೆನಿಸದಂತೆ ನಿಲ್ಲಿಸುವುದು ಸುಲಭದ ಕೆಲಸವಲ್ಲ. ಮುದ್ರಿತ ಫೋಟೋಗಳಲ್ಲಿ ನೋಡಿದರೂ ಸಾಕು, ರೇಖೆಯ ಹದ ತಿಳಿಯುತ್ತದೆ. ಪಶ್ಚಿಮದ ಜೈನ ಚಿತ್ರಗಳಲ್ಲಿ ಮುಖ ಓರೆಯಾಗಿ, ಆಚೆಬದಿಯ ಕಣ್ಣು ಕೆನ್ನೆ ದಾಟಿ ಹೊರಚಾಚಿರುತ್ತದೆ. ಅದರ ಚುರುಕು ಬೇರೆ. ಇಲ್ಲಿನ ಗೆರೆ ದುಂಡಾದದ್ದು, ಹೊಯ್ಸಳ ಶಿಲ್ಪಿಯ ಉಳಿಗೆ ಹತ್ತಿರದ್ದು. ಭಕ್ತರ ಸಾಲುಗಳಲ್ಲಿ ಒಂದೇ ಮುಖ ಮರುಕಳಿಸುತ್ತದೆ, ಅದು ಅಲ್ಲಿನ ದೌರ್ಬಲ್ಯ. ಜಿನಬಿಂಬದಲ್ಲಿ ಮಾತ್ರ ಆ ಮರುಕಳಿಕೆಯೇ ಅರ್ಥವಾಗುತ್ತದೆ. ಕರ್ಮ ಕಳಚಿದ ಜೀವಗಳಿಗೆ ಒಂದಕ್ಕೊಂದು ಭೇದವಿಲ್ಲವೆಂದು ಗ್ರಂಥ ಹೇಳುವುದನ್ನೇ ಕುಂಚವೂ ಹೇಳುತ್ತದೆ.

ಅಕ್ಷರವನ್ನೂ ಇಲ್ಲಿ ಚಿತ್ರದಿಂದ ಬೇರೆಮಾಡಿ ನೋಡಲಾಗದು. ಗುಂಡಗಿನ ಕನ್ನಡ ಅಕ್ಷರಗಳ ಸಾಲು, ದಾರದ ರಂಧ್ರದ ಸುತ್ತ ಬಿಟ್ಟ ಜಾಗ, ಅಲ್ಲಿನ ಅಲಂಕಾರ ಎಲ್ಲವೂ ಒಂದೇ ಯೋಜನೆಯವು. ಬರೆಸಿದವರಿಗೆ ಇದು ಶಾಸ್ತ್ರದಾನ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯ ನಾಡಿದು. ಆಹಾರ, ಅಭಯ, ಔಷಧಗಳ ಜೊತೆಗೇ ಓದನ್ನೂ ದಾನವೆಂದು ಎಣಿಸಿದವರು ನಮ್ಮ ಜೈನರು.

ಆದರೆ ಮುಂದೆ ಆ ಓದೇ ನಿಂತಿತು. ಶತಮಾನಗಳ ಕಾಲ ಈ ಗರಿಗಳು ಸಿದ್ಧಾಂತ ದರ್ಶನಕ್ಕೆ ಮಾತ್ರ ಹೊರಬಂದವು. ನೋಡಿ ನಮಸ್ಕರಿಸಿದವರೇ ಹೆಚ್ಚು. ಬೀಗ ತೆರೆಸಲು ಶ್ರಮಿಸಿದವರಲ್ಲಿ ಒಬ್ಬರು ನಮ್ಮ ವಿಜಯಪುರ ಜಿಲ್ಲೆಯ ನೆರೆಯವರು. ಮೋರಟಗಿ, ಸಿಂದಗಿ, ಇಂಡಿಯ ಜನ ಸಂತೆ, ಆಸ್ಪತ್ರೆ ಎಂದು ಹೋಗಿಬರುವ ಸೊಲ್ಲಾಪುರದ ಸೇಠ್ ಹಿರಾಚಂದ ನೇಮಚಂದ. ಅವರೂ ಮುಂಬಯಿಯ ಮಾಣಿಕಚಂದರೂ ಹಿಡಿದ ಹಟದಿಂದ 19ನೆಯ ಶತಮಾನದ ಕೊನೆಗೆ ಪ್ರತಿ ತೆಗೆಯುವ ಕೆಲಸ ಶುರುವಾಯಿತು. ಹೀರಾಲಾಲ ಜೈನರ ಸಂಪಾದನೆಯಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಅಮರಾವತಿಯಿಂದ, ಹಿಂದಿ ಅನುವಾದದೊಂದಿಗೆ!

ಪಠ್ಯ ಹೀಗೆ ಲೋಕಕ್ಕೆ ಬಂತು. ಚಿತ್ರಗಳೂ ಬರಬೇಕು. ಒಂದೊಂದು ಗರಿಯನ್ನೂ ಮೂಲ ಅಳತೆಯಲ್ಲಿ, ಮೂಲ ಬಣ್ಣದಲ್ಲಿ ತೋರಿಸುವ, ಕನ್ನಡದಲ್ಲೇ ವಿವರಿಸುವ, ಶಾಲೆಯ ಮೇಷ್ಟರೂ ಕೊಳ್ಳಬಹುದಾದ ಬೆಲೆಯ ಪುಸ್ತಕವನ್ನು ನಮ್ಮ ವಿಶ್ವವಿದ್ಯಾಲಯಗಳು ತರಬೇಕು. ವಿಜಯಪುರ ಜಿಲ್ಲೆಯ ಓದುಗರಿಗೂ ಒಂದು ಮಾತು: ನಿಮ್ಮ ಮನೆಯಲ್ಲೋ, ಊರ ಬಸದಿ, ಮಠಗಳಲ್ಲೋ ಓಲೆಗರಿಯ ಕಟ್ಟು ಇದ್ದರೆ ಅರಿಷಿಣ ಕುಂಕುಮ ಹಚ್ಚಿ ಮತ್ತೆ ಗಂಟು ಕಟ್ಟಿಡಬೇಡಿ. ಬಲ್ಲವರನ್ನು ಕರೆಸಿ ಓದಿಸಿ, ಫೋಟೋ ತೆಗೆಸಿ ಇಡಿ.